ಹಳ್ಳಿ ಆಸ್ಪತ್ರೆಯ ರಾತ್ರಿ ಡ್ಯೂಟಿ: ತುರ್ತು ರೋಗಿ ಬಂದಾಗ ನರ್ಸ್ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು

ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಬ್ಬ ರೋಗಿಗೆ ನಾಲ್ಕೈದು ಜನ ಒಟ್ಟಿಗೆ ಕೈ ಹಾಕುತ್ತಾರೆ. ಒಬ್ಬರು ಉಸಿರು ನೋಡುತ್ತಾರೆ, ಒಬ್ಬರು ಡ್ರಿಪ್‌ಗೆ ನರದಲ್ಲಿ ಕೂರಿಸುವ ಕ್ಯಾನುಲಾ ಹಾಕುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಹಳ್ಳಿ ಆಸ್ಪತ್ರೆಯ ರಾತ್ರಿ ಡ್ಯೂಟಿಯಲ್ಲಿ ಅಷ್ಟೂ ಕೈಗಳು ನಿಮ್ಮವೇ. ಜೊತೆಗೆ ಒಬ್ಬ ಆಯಾ ಇದ್ದರೆ ಪುಣ್ಯ. ಡಾಕ್ಟರು ಕ್ವಾರ್ಟರ್ಸ್‌ನಲ್ಲೋ ಫೋನಿನಲ್ಲೋ ಇರುತ್ತಾರೆ. ಅವರು ಬಂದು ಮುಟ್ಟುವವರೆಗೆ ರೋಗಿಯ ಜೀವ ನಿಮ್ಮ ಕೈಯಲ್ಲಿರುತ್ತದೆ.

ಇಂಥ ಡ್ಯೂಟಿಗಳನ್ನು ಮಾಡಿ ಮಾಡಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ: ಆ ಹೊತ್ತಿನಲ್ಲಿ ಕೈ ಹಿಡಿಯುವುದು ಕ್ರಮ. ರೋಗಿ ಬರುವ ಮೊದಲು ಏನು ಸಿದ್ಧ ಮಾಡಿಟ್ಟಿದ್ದಿರಿ, ಬಂದ ಮೇಲೆ ಯಾವುದಕ್ಕೆ ಮೊದಲು ಕೈ ಹಾಕಿದಿರಿ, ಕಳಿಸುವಾಗ ಏನು ಹೇಳಿ ಕಳಿಸಿದಿರಿ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡೋಸ್‌ಗಳು ದೊಡ್ಡವರಿಗೆ ಸಾಮಾನ್ಯವಾಗಿ ಬಳಸುವಂಥವು. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಹೆಜ್ಜೆ 1: ಡ್ಯೂಟಿ ತೆಗೆದುಕೊಂಡ ಕೂಡಲೇ ಎಮರ್ಜೆನ್ಸಿ ಟ್ರೇ ಹತ್ತಿರ ಹೋಗಿ

ಹ್ಯಾಂಡೋವರ್ ಮುಗಿದ ತಕ್ಷಣ ಬೇರೆ ಕೆಲಸ ಹಿಡಿಯಬೇಡಿ. ಸಾಮಾನು ಇದೆಯಾ ಅಂತ ಕಣ್ಣಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಹಿಡಿದು ನಡೆಸಿ ನೋಡಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಉಬ್ಬಸದ ರೋಗಿಯೊಬ್ಬರು ಬಂದರು. ತುಟಿ ನೀಲಿಯಾಗಿತ್ತು. ಸಿಲಿಂಡರ್ ತುಂಬಿತ್ತು, ಮಾಸ್ಕ್ ಇತ್ತು, ಟ್ಯೂಬ್ ಇತ್ತು. ಸಿಲಿಂಡರ್ ತೆರೆಯುವ ಕೀ ಇರಲಿಲ್ಲ. ಆಯಾ ಒಂದು ಕಡೆ, ನಾನು ಒಂದು ಕಡೆ ಹುಡುಕಿದೆವು. ಕೊನೆಗೆ ಅದು ಆಫೀಸ್ ರೂಮಿನ ಡ್ರಾಯರ್‌ನಲ್ಲಿ ಸಿಕ್ಕಿತು. ಆ ಕೆಲವು ನಿಮಿಷ ಆ ರೋಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಉಳಿದರು. ಆದರೆ ಅವತ್ತಿನಿಂದ ನಾನು ಎಲ್ಲೇ ಡ್ಯೂಟಿ ಮಾಡಲಿ, ಕೀಯನ್ನು ರೋಲರ್ ಬ್ಯಾಂಡೇಜ್ ತುಂಡಿನಲ್ಲಿ ಸಿಲಿಂಡರ್ ಕತ್ತಿಗೇ ಕಟ್ಟಿಡುತ್ತೇನೆ. ನೀವೂ ಕಟ್ಟಿಡಿ.

ಆಕ್ಸಿಜನ್ ಎಷ್ಟು ಹೊತ್ತು ಬರುತ್ತದೆ ಅಂತ ಲೆಕ್ಕ ಹಾಕುವುದನ್ನೂ ಕಲಿಯಿರಿ. ಸಿಲಿಂಡರ್‌ನ ನೀರಿನ ಅಳತೆಯನ್ನು (ಅದರೊಳಗೆ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಅನ್ನುವುದು) ಗೇಜ್ ತೋರಿಸುವ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಎಷ್ಟು ಲೀಟರ್ ಅಂತ ಸಿಗುತ್ತದೆ. 10 ಲೀಟರ್ ಸಿಲಿಂಡರ್, ಗೇಜ್‌ನಲ್ಲಿ 150 ಬಾರ್ ಅಂದರೆ 1500 ಲೀಟರ್. ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಡುತ್ತಿದ್ದರೆ 150 ನಿಮಿಷ. ಅದೇ ಸಿಲಿಂಡರ್ 50 ಬಾರ್ ತೋರಿಸಿದರೆ 50 ನಿಮಿಷ ಮಾತ್ರ. ಗೇಜ್ ಮುಳ್ಳು ಇನ್ನೂ ಮೇಲಿದೆ ಅಂತ ಸುಮ್ನೆ ಕೂತರೆ ನಡುರಾತ್ರಿ ಖಾಲಿಯಾಗುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. ಅಂಬು ಬ್ಯಾಗ್‌ನ (ಕೈಯಲ್ಲಿ ಹಿಸುಕಿ ಉಸಿರು ಕೊಡುವ ಚೀಲ) ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಸುಕಿ. ಗಾಳಿ ಎಲ್ಲೂ ಸೋರದೆ ಕೈಗೆ ಎದುರು ಒತ್ತಡ ಸಿಗಬೇಕು. ಬಾಯಿಯೊಳಗಿನ ಕಫ, ವಾಂತಿ ಹೀರುವ ಸಕ್ಷನ್ ಆನ್ ಮಾಡಿ ಟ್ಯೂಬ್ ಬಾಯಿಗೆ ಹೆಬ್ಬೆರಳು ಇಡಿ, ಗೇಜ್ ಏರಬೇಕು. ಕರೆಂಟ್ ಹೋದರೆ ಅಂತ ಕಾಲಿನಲ್ಲಿ ಒತ್ತುವ ಸಕ್ಷನ್ ಎಲ್ಲಿದೆ ಗೊತ್ತಿರಲಿ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಲ್ಬ್ ಉರಿಯುತ್ತದಾ, ಗ್ಲುಕೋಮೀಟರ್ ಸ್ಟ್ರಿಪ್ ಎಕ್ಸ್‌ಪೈರಿ ಯಾವಾಗ, ಆಕ್ಸಿಟೋಸಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಒಳಗೆ ಇದೆಯಾ, ಹಾವಿನ ವಿಷದ ಮದ್ದು ಎಷ್ಟು ವಯಲ್ ಇದೆ, ಬೆಳೆಯ ಔಷಧಿ ಕುಡಿದವರಿಗೆ ಕೊಡುವ ಅಟ್ರೋಪಿನ್ ಎಷ್ಟು ಆಂಪುಲ್ ಇದೆ. ಎಣಿಸಿ, ಬರೆದು, ಸಹಿ ಹಾಕಿ.

ನಾನು ಮಾಡುವ ಇನ್ನೊಂದು ಕೆಲಸ: ಒಂದು ಅಡ್ರಿನಲಿನ್ ಆಂಪುಲ್, ಒಂದು 1 ಎಂಎಲ್ ಸಿರಿಂಜ್, ಒಂದು ಉದ್ದ ನೀಡಲ್ ಮೂರನ್ನೂ ಒಂದೇ ಕವರ್‌ಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ‘ಅಲರ್ಜಿ: ತೊಡೆಗೆ, 0.5 ಎಂಎಲ್’ ಅಂತ ಬರೆದಿಡುತ್ತೇನೆ. ಗಾಬರಿಯಲ್ಲಿ ಲೆಕ್ಕ ಹಾಕುವುದು ಕಷ್ಟ ಅಲ್ವಾ? ಲೆಕ್ಕ ಮೊದಲೇ ಮುಗಿದಿರಲಿ.

ಡಾಕ್ಟರ ಹತ್ತಿರ ಹಗಲು ಹೊತ್ತಿನಲ್ಲೇ ಕೂತು, ಅವರು ಬರುವ ಮೊದಲು ನೀವು ಯಾವ ಮದ್ದು ಕೊಡಬಹುದು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಅಲರ್ಜಿಗೆ ಅಡ್ರಿನಲಿನ್, ಸಕ್ಕರೆ ಇಳಿದರೆ ಡೆಕ್ಸ್ಟ್ರೋಸ್, ಫಿಟ್ಸ್‌ಗೆ ಮಿಡಜೋಲಮ್, ಹೆರಿಗೆಯ ರಕ್ತಸ್ರಾವಕ್ಕೆ ಆಕ್ಸಿಟೋಸಿನ್. ಈ ಒಂದು ಹಾಳೆ ರೋಗಿಯನ್ನೂ ಉಳಿಸುತ್ತದೆ, ನಿಮ್ಮನ್ನೂ ಕಾಪಾಡುತ್ತದೆ.

ಹೆಜ್ಜೆ 2: ಬಾಗಿಲಲ್ಲೇ ನೋಡಿ, ಯಾರು ಮೊದಲು

ಅಪಘಾತವಾಗಿ ಮೂರು ಜನ ಒಟ್ಟಿಗೆ ಬಂದರೆ ಕಿರುಚುವವರ ಕಡೆಗೆ ಎಲ್ಲರೂ ಓಡುತ್ತಾರೆ. ಕಿರುಚುವವರಿಗೆ ಉಸಿರಿದೆ. ಸುಮ್ಮನೆ ಮಲಗಿರುವವರನ್ನು ಮೊದಲು ನೋಡಿ. ಉಸಿರಾಡಲು ಒದ್ದಾಡುವವರು, ಪ್ರಜ್ಞೆ ಇಲ್ಲದವರು, ಫಿಟ್ಸ್ ಬರುತ್ತಿರುವವರು, ರಕ್ತ ಸುರಿಯುತ್ತಿರುವವರು, ಎದೆನೋವಿನವರು, ವಿಷ ಕುಡಿದವರು, ಹಾವು ಕಚ್ಚಿದವರು, ರಕ್ತಸ್ರಾವವೋ ಜೋರು ತಲೆನೋವೋ ಇರುವ ಗರ್ಭಿಣಿ, ಮೈ ಸೋತು ಜೋತುಬಿದ್ದ ಮಗು. ಇವರು ಯಾರೂ ಸಾಲಿನಲ್ಲಿ ಕಾಯಬಾರದು.

ರೋಗಿಯ ಹಿಂದೆ ಹತ್ತು ಜನ ಒಳಗೆ ನುಗ್ಗುತ್ತಾರೆ. ‘ಹೊರಗೆ ಹೋಗಿ’ ಅಂತ ಕೂಗಿದರೆ ಜಗಳವಾಗುತ್ತದೆ. ಅವರಲ್ಲಿ ಸ್ವಲ್ಪ ಸಮಾಧಾನವಾಗಿ ಕಾಣುವ ಒಬ್ಬರನ್ನು ಕರೆದು ಒಂದು ಕೆಲಸ ಕೊಡಿ. ‘ಅಣ್ಣಾ, ನೀವು ಇಲ್ಲೇ ನಿಂತು ಈ ಡ್ರಿಪ್ ಬಾಟಲಿ ಹಿಡಿದುಕೊಳ್ಳಿ. ಉಳಿದವರನ್ನ ಹೊರಗೆ ಕೂರಿಸಿ, ಏನೇ ಆದರೂ ನಾನು ನಿಮಗೇ ಹೇಳ್ತೀನಿ.’ ಮುಕ್ಕಾಲು ಪಾಲು ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಕೈಗೊಂದು ಕೆಲಸ ಸಿಕ್ಕರೆ ಮನುಷ್ಯರಿಗೆ ಗಾಬರಿ ಕಡಿಮೆಯಾಗುತ್ತದೆ.

ಹೆಜ್ಜೆ 3: ಎ, ಬಿ, ಸಿ, ಡಿ, ಇ. ಈ ಸಾಲನ್ನು ತಪ್ಪಿಸಬೇಡಿ

ಕಾಲು ಮುರಿದು ಮೂಳೆ ಹೊರಗೆ ಬಂದಿರುತ್ತದೆ. ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೂ ಮೊದಲು ಗಂಟಲು, ಆಮೇಲೆ ಉಸಿರು, ಆಮೇಲೆ ರಕ್ತ. ಇದಕ್ಕೆ ಒಂದೇ ವಿನಾಯಿತಿ: ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಿರಿ.

ಎ ಅಂದರೆ ಉಸಿರಿನ ದಾರಿ. ಹೆಸರು ಕೇಳಿ. ಸ್ಪಷ್ಟವಾಗಿ ಮಾತಾಡಿದರೆ ಸದ್ಯಕ್ಕೆ ದಾರಿ ತೆರೆದಿದೆ. ಗೊರಕೆಯಂಥ ಸದ್ದು ಬಂದರೆ ನಾಲಿಗೆ ಹಿಂದಕ್ಕೆ ಬಿದ್ದಿದೆ, ಗುಳುಗುಳು ಸದ್ದಾದರೆ ಒಳಗೆ ವಾಂತಿಯೋ ರಕ್ತವೋ ಇದೆ. ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ. ಕತ್ತಿಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಕತ್ತು ಅಲುಗಿಸದೆ ದವಡೆಯನ್ನು ಮಾತ್ರ ಮುಂದಕ್ಕೆ ತಳ್ಳಿ. ಬಾಯಿಯ ಏರ್‌ವೇ (ನಾಲಿಗೆ ಹಿಂದಕ್ಕೆ ಬೀಳದಂತೆ ತಡೆಯುವ ಬಾಗಿದ ನಳಿಗೆ) ಹಾಕುವುದಾದರೆ ತುಟಿಯ ಮೂಲೆಯಿಂದ ದವಡೆಯ ಮೂಲೆಯವರೆಗೆ ಅಳೆದು ಸೈಜ್ ಆರಿಸಿ. ಓಕರಿಕೆ ಬಂದರೆ ತೆಗೆದುಬಿಡಿ.

ಬಿ ಅಂದರೆ ಉಸಿರು. ಎದೆಯ ಮೇಲಿನ ಬಟ್ಟೆ ಸರಿಸಿ, ಪೂರ್ತಿ ಒಂದು ನಿಮಿಷ ಎಣಿಸಿ. ಅಂದಾಜಿನಲ್ಲಿ 20 ಅಂತ ಬರೆಯುವ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ದಯವಿಟ್ಟು ಬಿಡಿ. ರೋಗಿ ಹದಗೆಡುವ ಮೊದಲ ಸೂಚನೆ ಎಷ್ಟೋ ಸಲ ಉಸಿರಿನ ಎಣಿಕೆಯಲ್ಲೇ ಇರುತ್ತದೆ. ಸ್ಯಾಚುರೇಷನ್ (ರಕ್ತದಲ್ಲಿರುವ ಆಕ್ಸಿಜನ್‌ನ ಶೇಕಡಾ ಪ್ರಮಾಣ) 94ಕ್ಕಿಂತ ಕೆಳಗಿದ್ದರೆ ಆಕ್ಸಿಜನ್ ಶುರು ಮಾಡಿ. ಬಹಳ ವರ್ಷದ ಶ್ವಾಸಕೋಶದ ಕಾಯಿಲೆ ಇರುವವರಿಗೆ 88ರಿಂದ 92 ಸಾಕು. ಚೀಲ ಇರುವ ಮಾಸ್ಕ್ ಹಾಕುವಾಗ ಮೊದಲು ಚೀಲ ತುಂಬಿಸಿ, ಆಮೇಲೆ ಮುಖಕ್ಕೆ ಹಾಕಿ. ಅಂಬು ಬ್ಯಾಗ್ ಒತ್ತಬೇಕಾಗಿ ಬಂದರೆ ಆರು ಸೆಕೆಂಡಿಗೆ ಒಂದು ಸಲ, ಎದೆ ಮೇಲೇಳುವಷ್ಟು ಮಾತ್ರ. ಅವಸರಕ್ಕೆ ಜಾಸ್ತಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ.

ಸಿ ಅಂದರೆ ರಕ್ತ ಸಂಚಾರ. ಪಲ್ಸ್, ಬಿಪಿ, ಕೈಕಾಲು ತಣ್ಣಗಿದೆಯಾ ನೋಡಿ. ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪಾಗಬೇಕು. ದೊಡ್ಡ ಕ್ಯಾನುಲಾ ಎರಡು ಹಾಕಿ, ಹಸಿರು ಬಣ್ಣದ 18 ಗೇಜ್ (ಇಲ್ಲಿ ಗೇಜ್ ಅಂದರೆ ಕ್ಯಾನುಲಾದ ದಪ್ಪದ ಅಳತೆ) ಆದರೆ ಒಳ್ಳೆಯದು. ನೀಲಿ 22ಕ್ಕಿಂತ ಅದರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ನೀರು ಹೋಗುತ್ತದೆ. ಮೊದಲ ಚುಚ್ಚಿನಲ್ಲೇ ಗ್ರೂಪಿಂಗ್‌ಗೆ ರಕ್ತ ತೆಗೆದಿಟ್ಟುಕೊಳ್ಳಿ. ಆಮೇಲೆ ನರ ಸಿಗುವುದಿಲ್ಲ. ಜೋರು ರಕ್ತ ಹೋಗಿರುವ ಗಾಯಾಳುವಿಗೆ ಪೆಟ್ಟಾದ 3 ಗಂಟೆಯೊಳಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಅನ್ನು 10 ನಿಮಿಷದಲ್ಲಿ ಕೊಡುತ್ತಾರೆ. ಹಾಗಾಗಿ ಪೆಟ್ಟಾದದ್ದು ಎಷ್ಟು ಹೊತ್ತಿಗೆ ಅಂತ ಕೇಳಿ ಬರೆದುಕೊಳ್ಳಿ.

ಡಿ ಅಂದರೆ ಪ್ರಜ್ಞೆ. ಎಚ್ಚರ ಇದ್ದಾರಾ, ಕರೆದರೆ ಕಣ್ಣು ಬಿಡುತ್ತಾರಾ, ನೋವು ಮಾಡಿದರೆ ಮಾತ್ರವಾ, ಏನೂ ಇಲ್ಲವಾ. ಎರಡೂ ಕಣ್ಣಿನ ಪಾಪೆಗೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಶುಗರ್. ಇದನ್ನು ಒತ್ತಿ ಹೇಳುತ್ತೇನೆ: ಪ್ರಜ್ಞೆ ಸರಿ ಇಲ್ಲದ ಪ್ರತಿಯೊಬ್ಬರಿಗೂ ಬೆರಳು ಚುಚ್ಚಿ ಶುಗರ್ ನೋಡಬೇಕು. ಒಮ್ಮೆ ಒಬ್ಬ ಹುಡುಗನನ್ನು ಕುಡಿದು ಬಿದ್ದಿದ್ದಾನೆ ಅಂತ ಕರೆತಂದು ಮೂಲೆಯ ಬೆಂಚಿನ ಮೇಲೆ ಮಲಗಿಸಿದ್ದರು. ವಾಸನೆಯೂ ಬರುತ್ತಿತ್ತು. ಹಣೆ ಮುಟ್ಟಿದರೆ ತಣ್ಣಗೆ ಬೆವರು. ಶುಗರ್ 32 ಇತ್ತು. 25 ಪರ್ಸೆಂಟ್ ಡೆಕ್ಸ್ಟ್ರೋಸ್ 100 ಎಂಎಲ್ ನಿಧಾನವಾಗಿ ಕೊಟ್ಟೆವು. ಬಾಟಲಿ ಮುಗಿಯುವ ಹೊತ್ತಿಗೆ ಕಣ್ಣು ಬಿಟ್ಟು ‘ಅಮ್ಮ ಎಲ್ಲಿ?’ ಅಂತ ಕೇಳಿದ. ಬೆಳಗಾಗುವವರೆಗೆ ಬೆಂಚಿನ ಮೇಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಇ ಅಂದರೆ ಬಟ್ಟೆ ಸರಿಸಿ ಮೈ ಪೂರ್ತಿ ನೋಡುವುದು. ಬೆನ್ನನ್ನೂ ನೋಡಿ. ನೋಡಿದ ಮೇಲೆ ಹೊದಿಸಿ. ರಕ್ತ ಹೋಗಿರುವವರ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ಕಡಿಮೆಯಾಗುತ್ತದೆ.

ಉಸಿರಿಲ್ಲ, ಪಲ್ಸ್ ಸಿಗುತ್ತಿಲ್ಲ ಅಂದರೆ 10 ಸೆಕೆಂಡಿಗಿಂತ ಹೆಚ್ಚು ಹುಡುಕಬೇಡಿ. ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಿ. 30 ಒತ್ತು, 2 ಉಸಿರು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಅದಕ್ಕೇ ಹೇಳುವುದು, ಆಯಾಗೂ ಆಂಬುಲೆನ್ಸ್ ಡ್ರೈವರ್‌ಗೂ ಎದೆ ಒತ್ತುವುದನ್ನು ಬಿಡುವಿನ ಹೊತ್ತಿನಲ್ಲಿ ದಿಂಬಿನ ಮೇಲೆ ಕಲಿಸಿಡಿ. ಒಬ್ಬರೇ ಒತ್ತಿದರೆ ಎರಡು ನಿಮಿಷದಲ್ಲೇ ಕೈ ಸೋಲುತ್ತದೆ, ಸೋತದ್ದು ನಮಗೇ ಗೊತ್ತಾಗುವುದಿಲ್ಲ.

ಹೆಜ್ಜೆ 4: ಹಳ್ಳಿ ಆಸ್ಪತ್ರೆಗೆ ಮತ್ತೆ ಮತ್ತೆ ಬರುವ ರೋಗಿಗಳು

ಹಾವು ಕಚ್ಚಿದವರು. ಉಂಗುರ, ಬಳೆ, ಬಿಗಿ ಬಟ್ಟೆ ತೆಗೆಸಿ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಮಾಡುವ ಹಾಗೆ ಅಲುಗದಂತೆ ಕಟ್ಟಿ. ಗಾಯ ಕುಯ್ಯುವುದು, ಹೀರುವುದು ಬೇಡ. ಮನೆಯಲ್ಲೇ ಹಗ್ಗ ಬಿಗಿದು ತಂದಿದ್ದರೆ ಅದನ್ನು ಸರಕ್ಕನೆ ಬಿಚ್ಚಬೇಡಿ. ಲೈನ್ (ಕ್ಯಾನುಲಾ) ಹಾಕಿ, ಮದ್ದು ಸಿದ್ಧ ಇಟ್ಟು, ಡಾಕ್ಟರ ಮುಂದೆ ಬಿಚ್ಚಿ. ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬೇಡಿ. ಅಡ್ರಿನಲಿನ್‌ನಂಥ ಜೀವ ಉಳಿಸುವ ಮದ್ದು ಮಾತ್ರ ಬೇರೆ ಮಾತು.

ಹೊಸ, ಒಣಗಿದ ಗಾಜಿನ ಟ್ಯೂಬ್‌ಗೆ 2 ಎಂಎಲ್ ರಕ್ತ ಹಾಕಿ, ಗಡಿಯಾರ ನೋಡಿ, 20 ನಿಮಿಷ ಅಲುಗಿಸದೆ ನಿಲ್ಲಿಸಿ. ಆಮೇಲೆ ಒಂದು ಸಲ ವಾಲಿಸಿ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಏರಿದೆ. ಸೋಪಿನಲ್ಲಿ ತೊಳೆದ ಟ್ಯೂಬ್ ಮತ್ತು ಪ್ಲಾಸ್ಟಿಕ್ ಟ್ಯೂಬ್ ತಪ್ಪು ಉತ್ತರ ಕೊಡುತ್ತವೆ. ರಕ್ತ ಗಟ್ಟಿಯಾಯಿತು ಅಂತ ಮನೆಗೆ ಕಳಿಸಬೇಡಿ, ಮತ್ತೆ ಮತ್ತೆ ಮಾಡಿ. ಊತ ಎಲ್ಲಿಯವರೆಗೆ ಬಂದಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ.

ಕಟ್ಟುಹಾವಿನಂಥ ಹಾವು ಕಚ್ಚಿದರೆ ಗಾಯವೇ ಕಾಣದೆ ಇರಬಹುದು. ಊತ ಇರುವುದಿಲ್ಲ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ. ಇದಕ್ಕೆ ನನ್ನ ನೆಚ್ಚಿನ ಪರೀಕ್ಷೆ ತುಂಬ ಸರಳ. ‘ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಷ್ಟಾಗುತ್ತೋ ಅಷ್ಟು ಎಣಿಸಿ’ ಅನ್ನಿ. ಮೊದಲ ಸಲ 22ರವರೆಗೆ ಹೋದವರು ಅರ್ಧ ಗಂಟೆಗೆ 15ಕ್ಕೆ ನಿಂತು, ಆಮೇಲೆ 9ಕ್ಕೆ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ ಅಂತ ಅರ್ಥ. ಸ್ಯಾಚುರೇಷನ್ ಆಗಲೂ 98 ತೋರಿಸಬಹುದು, ಅದನ್ನು ನಂಬಿ ಕೂರಬೇಡಿ. ಅಂಬು ಬ್ಯಾಗ್ ತಲೆಯ ಹತ್ತಿರ ತಂದಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ಹಾವಿನ ಮದ್ದಿನ ಪುಡಿ ಕರಗಿಸುವಾಗ ವಯಲನ್ನು ಅಂಗೈಯಲ್ಲಿ ಉರುಳಿಸಿ, ಕುಲುಕಿದರೆ ನೊರೆ ಬರುತ್ತದೆ. ಅಡ್ರಿನಲಿನ್ ಸಿರಿಂಜ್‌ಗೆ ಎಳೆದಿಟ್ಟೇ ಮದ್ದು ಶುರು ಮಾಡಿ. ಮೊದಲ 10 ನಿಮಿಷ ರೋಗಿಯ ಪಕ್ಕ ಬಿಟ್ಟು ಕದಲಬೇಡಿ. ತುರಿಕೆ, ದದ್ದು, ಕೆಮ್ಮು, ವಾಂತಿ, ಬಿಪಿ ಇಳಿತ ಕಂಡರೆ ಮದ್ದು ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ 0.5 ಎಂಜಿ (ಕವರ್ ಮೇಲೆ ಬರೆದ ಆ 0.5 ಎಂಎಲ್) ಕೊಡಿ. ಮಕ್ಕಳಿಗೂ ಹಾವಿನ ಮದ್ದು ದೊಡ್ಡವರಷ್ಟೇ. ಹಾವು ಮಗು ಅಂತ ವಿಷ ಕಡಿಮೆ ಬಿಟ್ಟಿರುವುದಿಲ್ಲ. ಅಡ್ರಿನಲಿನ್ ಮಾತ್ರ ಮಗುವಿನ ತೂಕಕ್ಕೆ ತಕ್ಕಂತೆ, ಕೆಜಿಗೆ 0.01 ಎಂಜಿ.

ಬೆಳೆಗೆ ಹೊಡೆಯುವ ಔಷಧಿ ಕುಡಿದವರು. ಮೊದಲು ನಿಮ್ಮ ಕೈಗೆ ಗ್ಲೌಸ್, ಮೈಗೆ ಏಪ್ರನ್, ಕಿಟಕಿ ತೆರೆಯಿರಿ. ರೋಗಿಯ ಬಟ್ಟೆ ಪೂರ್ತಿ ತೆಗೆದು ಪ್ಲಾಸ್ಟಿಕ್ ಕವರ್‌ಗೆ ಕಟ್ಟಿ. ಕೂದಲನ್ನೂ ಸೇರಿಸಿ ಸೋಪು ನೀರಿನಲ್ಲಿ ತೊಳೆಯಿರಿ. ವಾಂತಿ ಮಾಡಿಸಬೇಡಿ. ಡಬ್ಬಿ ತರಿಸಿ, ಹೆಸರು ಓದಿ. ಸೂಜಿಮೊನೆಯಷ್ಟು ಪಾಪೆ, ಬಾಯಿ ತುಂಬ ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ ಇದ್ದರೆ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಇರಬಹುದು. ಡಾಕ್ಟರು ಅಟ್ರೋಪಿನ್ ಹೇಳುತ್ತಾರೆ. ಆಗ ಲೆಕ್ಕ ಗಮನಿಸಿ. ಆಂಪುಲ್‌ನಲ್ಲಿ 0.6 ಎಂಜಿ ಇದ್ದರೆ 3 ಎಂಜಿಗೆ 5 ಆಂಪುಲ್. 5 ನಿಮಿಷಕ್ಕೆ ಎದೆ ತಿಳಿಯಾಗದಿದ್ದರೆ ಅದರ ಎರಡರಷ್ಟು, ಅಂದರೆ 10 ಆಂಪುಲ್, ಆಮೇಲೆ 20. ಟ್ರೇನಲ್ಲಿ ಹತ್ತು ಆಂಪುಲ್ ಇಟ್ಟುಕೊಂಡರೆ ಎಲ್ಲಿಗೂ ಸಾಲದು. ಎದೆಯ ಸದ್ದು ನಿಲ್ಲಬೇಕು, ಪಲ್ಸ್ 80 ದಾಟಬೇಕು, ಮೇಲಿನ ಬಿಪಿಯೂ 80ಕ್ಕಿಂತ ಮೇಲಿರಬೇಕು, ಕಂಕುಳು ಒಣಗಬೇಕು. ಅದೇ ಗುರಿ. ಪಾಪೆ ದೊಡ್ಡದಾಗಲಿ ಅಂತ ಕಾಯಬೇಡಿ. ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ಪೂರ್ತಿ ನಿಲ್ಲುವುದು, ಇವು ಅಟ್ರೋಪಿನ್ ಜಾಸ್ತಿಯಾದ ಗುರುತು.

ಈ ರೋಗಿಗಳನ್ನು ಬೈಯಬೇಡಿ. ‘ಮಕ್ಕಳ ಮುಖ ನೋಡಬಾರದಿತ್ತಾ’ ಅಂತ ಸ್ಟಾಫೇ ಗದರಿದ್ದನ್ನು ಕೇಳಿದ್ದೇನೆ. ಆ ಮಾತು ಆ ಹೊತ್ತಿನಲ್ಲಿ ಇನ್ನೊಂದು ವಿಷ. ಒಬ್ಬರನ್ನೇ ಬಿಡಬೇಡಿ, ಬ್ಲೇಡು, ಮದ್ದು ಕೈಗೆ ಸಿಗದಂತಿರಲಿ. ಸ್ವಲ್ಪ ಚೇತರಿಸಿಕೊಂಡ ಮೇಲೆ ಮನೆಯವರನ್ನು ಹೊರಗೆ ಕಳಿಸಿ, ಪಕ್ಕದಲ್ಲಿ ಕೂತು ಕೇಳಿ.

ಹೆರಿಗೆಯ ನಂತರ ರಕ್ತ ಹೋಗುತ್ತಿರುವವರು. ಹೋದ ರಕ್ತವನ್ನು ನಾವೆಲ್ಲ ಕಡಿಮೆ ಅಂದಾಜು ಮಾಡುತ್ತೇವೆ. ಬಿಪಿ ಇಳಿಯುವ ಮೊದಲೇ ಪಲ್ಸ್ ಏರುತ್ತದೆ. ಪಲ್ಸ್ ಮೇಲಿನ ಬಿಪಿಯನ್ನು ದಾಟಿದರೆ ಇನ್ನು ಕಾಯಬೇಡಿ. ಒಂದು ಕೈ ಗರ್ಭಕೋಶ ಉಜ್ಜುತ್ತಿರಲಿ, ಮೂತ್ರಕೋಶ ಖಾಲಿ ಮಾಡಿ. ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ, 1 ಲೀಟರ್ ಡ್ರಿಪ್‌ನಲ್ಲಿ 20 ಯೂನಿಟ್ ಹಾಕಿ ನಿಮಿಷಕ್ಕೆ 60 ಹನಿ, ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. ಮಾಸು ಪೂರ್ತಿ ಬಂದಿದೆಯಾ, ಎಲ್ಲಾದರೂ ಹರಿದಿದೆಯಾ ನೋಡಿ.

ಗರ್ಭಿಣಿಗೆ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ. ಮ್ಯಾಗ್ನೀಷಿಯಂ ಸಲ್ಫೇಟ್‌ನ 50 ಪರ್ಸೆಂಟ್ ಆಂಪುಲ್ 2 ಎಂಎಲ್‌ದು, ಅದರಲ್ಲಿ 1 ಗ್ರಾಂ ಇರುತ್ತದೆ. 4 ಆಂಪುಲ್‌ಗೆ 12 ಎಂಎಲ್ ನೀರು ಸೇರಿಸಿ 20 ಎಂಎಲ್ ಮಾಡಿ, ನಿಧಾನವಾಗಿ ನರಕ್ಕೆ. ಆಮೇಲೆ ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ. ಮುಂದಿನ ಡೋಸ್‌ಗೆ ಮೊದಲು ಮೂರು ನೋಡಿ: ಮಂಡಿ ತಟ್ಟಿದರೆ ಕಾಲು ಎಗರಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ಮೂತ್ರ ಗಂಟೆಗೆ 30 ಎಂಎಲ್‌ ಆದರೂ ಬರಬೇಕು. ಉಸಿರು ಇಳಿದರೆ ಮದ್ದು ನಿಲ್ಲಿಸಿ, ಕ್ಯಾಲ್ಷಿಯಂ ಗ್ಲುಕೋನೇಟ್ 10 ಎಂಎಲ್ ನಿಧಾನವಾಗಿ.

ಉಳಿದವು ಚುಟುಕಾಗಿ. ಎದೆನೋವಿಗೆ 10 ನಿಮಿಷದೊಳಗೆ ಇಸಿಜಿ, ಫೋಟೋ ಡಾಕ್ಟರಿಗೆ, ಅಲರ್ಜಿ ಇಲ್ಲದಿದ್ದರೆ ಆಸ್ಪಿರಿನ್ 300 ಎಂಜಿ ಅಗಿಯಲು. ನಡೆಸಬೇಡಿ. ಫಿಟ್ಸ್ 5 ನಿಮಿಷ ದಾಟಿದರೆ ಮಿಡಜೋಲಮ್ 10 ಎಂಜಿ ಸ್ನಾಯುವಿಗೆ. ಸುಟ್ಟಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು, ಐಸ್ ಬೇಡ, ಪೇಸ್ಟ್ ಬೇಡ. ಮಗುವಿನ ತೂಕ ನೋಡಲು ಆಗದಿದ್ದರೆ ವಯಸ್ಸಿಗೆ 4 ಕೂಡಿಸಿ 2ರಿಂದ ಗುಣಿಸಿ, ಒಂದರಿಂದ ಹತ್ತು ವರ್ಷದವರೆಗೆ ಈ ಅಂದಾಜು ನಡೆಯುತ್ತದೆ.

ಹೆಜ್ಜೆ 5: ಡಾಕ್ಟರಿಗೆ ಫೋನ್

‘ಸಾರ್, ಪೇಷಂಟ್ ಸೀರಿಯಸ್ ಇದಾರೆ, ಬೇಗ ಬನ್ನಿ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: ‘ಸಾರ್, ಎಮರ್ಜೆನ್ಸಿಯಿಂದ ಮಾತಾಡ್ತಿದೀನಿ. 40 ವರ್ಷದ ಗಂಡಸು, ಒಂದು ಗಂಟೆ ಹಿಂದೆ ಹಾವು ಕಚ್ಚಿದೆ. ರೆಪ್ಪೆ ಜೋತುಬಿದ್ದಿದೆ, ಒಂದೇ ಉಸಿರಿಗೆ 12ರವರೆಗೆ ಎಣಿಸ್ತಾರೆ, ಪಲ್ಸ್ 110, ಬಿಪಿ 130/80, ಸ್ಯಾಚುರೇಷನ್ 96. ಲೈನ್ ಹಾಕಿದೀನಿ, ಮದ್ದು ಸಿದ್ಧ ಇದೆ. ಶುರು ಮಾಡಲಾ? ನೀವು ಈಗಲೇ ಬರಬೇಕು.’ ಮೂವತ್ತು ಸೆಕೆಂಡಿನ ಮಾತು. ಅವರು ಹೇಳಿದ ಡೋಸನ್ನು ನೀವು ಮತ್ತೆ ಓದಿ ಹೇಳಿ, ಸಮಯ ಹಾಕಿ ಬರೆಯಿರಿ.

ಹೆಜ್ಜೆ 6: ರೆಫರ್ ಮಾಡುವಾಗ

ಇಲ್ಲಿ ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಆಂಬುಲೆನ್ಸ್ ಕರೆಸಿ, ಅದು ಬರುವಷ್ಟರಲ್ಲಿ ಚಿಕಿತ್ಸೆ ನಡೆಯುತ್ತಿರಲಿ. ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಬೆಡ್ ಇದೆಯಾ, ವೆಂಟಿಲೇಟರ್ ಇದೆಯಾ, ರಕ್ತ ಇದೆಯಾ ಕೇಳಿ. ಕೇಳದೆ ಕಳಿಸಿದರೆ ಅಲ್ಲಿಂದ ಇನ್ನೊಂದು ಕಡೆಗೆ ಅಟ್ಟುತ್ತಾರೆ. ದಾರಿಯಲ್ಲಿ ಹೋಗುವ ಆ ಒಂದು ಗಂಟೆ ರೋಗಿಯ ಪಾಲಿಗೆ ಸಣ್ಣದಲ್ಲ.

ಹೊರಡುವ ಮೊದಲು ಆಕ್ಸಿಜನ್ ಲೆಕ್ಕ. ದಾರಿ 90 ನಿಮಿಷ, ನಿಮಿಷಕ್ಕೆ 10 ಲೀಟರ್ ಅಂದರೆ 900 ಲೀಟರ್. ಅರ್ಧದಷ್ಟು ಹೆಚ್ಚುವರಿ ಸೇರಿಸಿ 1350. ಆ 10 ಲೀಟರ್ ಸಿಲಿಂಡರ್ ಗೇಜ್ ಕನಿಷ್ಠ 135 ತೋರಿಸಬೇಕು. ಕ್ಯಾನುಲಾಗಳನ್ನು ಪ್ಲಾಸ್ಟರ್ ಹಾಕಿ ಬಿಗಿ ಮಾಡಿ, ಅಲುಗಾಟಕ್ಕೆ ಮೊದಲು ಕಿತ್ತುಬರುವುದು ಅದೇ. ಅಂಬು ಬ್ಯಾಗ್, ಕಾಲು ಸಕ್ಷನ್, ಟಾರ್ಚ್, ದಾರಿಯಲ್ಲಿ ಬೇಕಾಗುವ ಮದ್ದನ್ನು ಸಿರಿಂಜ್‌ಗೆ ಎಳೆದು ಹೆಸರು ಬರೆದು ಜೊತೆಗೆ ಇಡಿ. ಸೀರಿಯಸ್ ರೋಗಿಯ ಜೊತೆ ತರಬೇತಿ ಇರುವ ಒಬ್ಬರು ಹೋಗಲೇಬೇಕು. ನೀವು ಹೋದರೆ ವಾರ್ಡ್ ನೋಡುವವರು ಯಾರು ಅನ್ನುವುದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಗೊತ್ತು ಮಾಡಿಕೊಂಡಿರಿ.

ರೆಫರಲ್ ಚೀಟಿಯಲ್ಲಿ ‘ಮುಂದಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಅನ್ನುವ ಒಂದೇ ಸಾಲು ಯಾರಿಗೂ ಉಪಯೋಗವಿಲ್ಲ. ಬಂದ ಸಮಯ, ಆಗಿನ ಪಲ್ಸ್, ಬಿಪಿ, ಈಗಿನದು, ಕೊಟ್ಟ ಮದ್ದು, ಡೋಸ್, ಕೊಟ್ಟ ಸಮಯ, ಅಲರ್ಜಿ. ಮನೆಯವರಿಗೂ ಹೇಳಿ: ಎಲ್ಲಿಗೆ, ಯಾಕೆ, ದಾರಿಯಲ್ಲಿ ಏನಾಗಬಹುದು. ಸುಳ್ಳು ಧೈರ್ಯ ಬೇಡ. ‘ಅಮ್ಮ, ಸ್ಥಿತಿ ಗಂಭೀರವಾಗಿದೆ. ನಮ್ಮ ಕೈಲಾದದ್ದೆಲ್ಲ ಮಾಡಿದೀವಿ, ಅಲ್ಲಿ ಉಸಿರಿನ ಮಷೀನ್ ಇದೆ, ಅದಕ್ಕೇ ಕಳಿಸ್ತಿದೀವಿ’ ಅಂತ ಕಣ್ಣು ನೋಡಿ ಹೇಳಿ.

ಹೆಜ್ಜೆ 7: ಗಾಡಿ ಹೊರಟ ಮೇಲೆ

ಟೀ ಕುಡಿಯಬೇಕು ಅನ್ನಿಸುತ್ತದೆ. ಕುಡಿಯಿರಿ, ಆದರೆ ಟ್ರೇ ತುಂಬಿಸಿದ ಮೇಲೆ. ಇನ್ನೊಬ್ಬರು ಯಾವ ಗಳಿಗೆಯಲ್ಲಾದರೂ ಬರಬಹುದು. ಒಡೆದ ಆಂಪುಲ್ ಎಣಿಸಿ, ಅಷ್ಟನ್ನೇ ವಾಪಸ್ ಇಡಿ. ಅಂಬು ಬ್ಯಾಗ್ ತೊಳೆಯಿರಿ, ಸಕ್ಷನ್ ಜಾರ್ ಖಾಲಿ ಮಾಡಿ. ಹೊಸ ಸಿಲಿಂಡರ್ ತಂದಿದ್ದರೆ ಗೇಜ್ ಓದಿ ಬರೆಯಿರಿ, ಹಳೆಯದರ ಕತ್ತಿನಿಂದ ಕೀ ಬಿಚ್ಚಿ ಹೊಸದಕ್ಕೆ ಕಟ್ಟಿ.